ಬರ್ಲಿನ್‌ಗೆ ಸಂದ ಗಾನಸಂಜೆ

1988ರ ಮೇ 11ರಂದು ಗೀತಕಾರ ಇರ್ವಿಂಗ್ ಬರ್ಲಿನ್‌ಗೆ ನೂರು ತುಂಬಿತು. ಆ ಸಂಭ್ರಮಕ್ಕೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಸಹಾಯಾರ್ಥ ಗಾನಸಂಜೆ ನಡೆಯಿತು. ಫ್ರಾಂಕ್ ಸಿನಾತ್ರಾ, ರೇ ಚಾರ್ಲ್ಸ್ ಹಾಡಿದರು. ಬರ್ಲಿನ್ ಮಾತ್ರ ಬರಲಿಲ್ಲ.

ಸಹಾಯಾರ್ಥ ಸಂಜೆಗೆ ಅವರಿಗಿಂತ ತಕ್ಕವರು ಸಿಗುವುದು ಕಷ್ಟ. ಸೈನಿಕರನ್ನೇ ನಟರಾಗಿಸಿ 1942ರಲ್ಲಿ ಕಟ್ಟಿದ ‘ದಿಸ್ ಈಸ್ ದಿ ಆರ್ಮಿ’ ರೆವ್ಯೂ (ಹಾಡು, ಪ್ರಹಸನಗಳ ರಂಗಪ್ರದರ್ಶನ) ಸೇನೆಯ ಪರಿಹಾರ ನಿಧಿಗೆ ಲಕ್ಷಾಂತರ ಡಾಲರ್ ತಂದಿತು. ‘ಗಾಡ್ ಬ್ಲೆಸ್ ಅಮೆರಿಕ’ದ ರಾಯಧನವನ್ನು ಸ್ಕೌಟ್ಸ್ ಮಕ್ಕಳಿಗೆ ಬರೆದುಕೊಟ್ಟರು.

ಆದರೆ ಅವರ ಕೊಡುಗೆಗಳಲ್ಲಿ ನಾವು ಮೊದಲು ನೆನೆಯುವುದು ಒಂದು ಹಾಡನ್ನು. 1933ರ ‘ಆ್ಯಸ್ ಥೌಸಂಡ್ಸ್ ಚಿಯರ್’, ಪತ್ರಿಕೆಯ ತಲೆಬರಹಗಳನ್ನೇ ದೃಶ್ಯಗಳಾಗಿಸಿದ ನಗೆಯ ರೆವ್ಯೂ. ಅದರ ನಡುವೆ ಗಾಯಕಿ ಎಥೆಲ್ ವಾಟರ್ಸ್ ಅವರಿಗಾಗಿ ‘ಸಪ್ಪರ್ ಟೈಮ್’ ಬರೆದರು: ಗುಂಪೊಂದು ಗಂಡನನ್ನು ಕೊಂದಿದೆ, ಮಕ್ಕಳಿಗೆ ಊಟ ಬಡಿಸಬೇಕಾದ ಕಪ್ಪು ತಾಯಿ, ಈ ಸುದ್ದಿಯನ್ನು ಹೇಗೆ ಹೇಳಲಿ ಎಂದು ತೊಳಲುತ್ತಾಳೆ. ನಗಲೆಂದು ಟಿಕೆಟ್ ಕೊಂಡವರ ಮುಂದೆ, ಆ ಕಾಲದ ಅಮೆರಿಕದಲ್ಲಿ, ಇದನ್ನಿಡಲು ಎದೆಗಾರಿಕೆ ಬೇಕಿತ್ತು. ಬರ್ಲಿನ್ ಹೆಸರಿನಲ್ಲಿ ಸಂಜೆ ಏರ್ಪಡಿಸುವವರು ಜನಪ್ರಿಯ ಹಾಡುಗಳ ಜೊತೆಗೆ ಇದನ್ನೂ ಹಾಡಿಸಬೇಕು.