ಒಂದು ಲೈನು, ಒಂಬತ್ತು ಜನ

ಮಕ್ಕಳೇ, ಈ ಭಾನುವಾರ ನಿಮ್ಮ ತಾತನನ್ನೋ ಅಜ್ಜಿಯನ್ನೋ ಒಂದು ಮಾತು ಕೇಳಿ: "ಆಗೆಲ್ಲ ಟ್ರಂಕ್ ಕಾಲ್‌ಗೆ ಎಷ್ಟು ಹೊತ್ತು ಕಾಯುತ್ತಿದ್ದಿರಿ?" ಮೊದಲು ನಗುತ್ತಾರೆ, ಆಮೇಲೆ ಒಂದು ಕತೆ ಹೇಳುತ್ತಾರೆ. ನನ್ನ ಕತೆ ಇಲ್ಲಿದೆ.

ಹೋದ ತಿಂಗಳು ಮಾದಾವರದಲ್ಲಿ ಮೆಟ್ರೊ ಹತ್ತಿ ಪೀಣ್ಯಕ್ಕೆ ಹೋಗಿದ್ದೆ. ಅಲ್ಲಿನ ಒಂದು ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಮೋಟಾರುಗಳ ನಡುವೆ ಒಂದು ಮರದ ಪೆಟ್ಟಿಗೆ ಕಂಡಿತು. ಮುಂಭಾಗದ ತುಂಬ ಪುಟ್ಟ ಕೀಗಳ ಸಾಲು, ಪಕ್ಕದಲ್ಲಿ ತಿರುಗಿಸುವ ಹಿಡಿ. ತಕ್ಷಣ ಗುರುತು ಸಿಕ್ಕಿತು. ನಮ್ಮ ಬ್ಯಾಂಕಿನಲ್ಲಿ ಇದ್ದಂಥದೇ ಟೆಲಿಫೋನ್ ಬೋರ್ಡು! ಜೊತೆಗೆ ನಾಲ್ಕು ಕಪ್ಪು ಫೋನುಗಳೂ ಸಿಕ್ಕವು. ಎಲ್ಲವನ್ನೂ ತೂಕಕ್ಕೆ ಹಾಕಿಸಿ, ಆಟೋದಲ್ಲಿ ಮಾದನಾಯಕನಹಳ್ಳಿಗೆ ತಂದೆ.

"ಇದೇನು ತಾತ, ಹಾರ್ಮೋನಿಯಮ್ಮಾ?" ಎಂದಳು ಆರನೇ ಕ್ಲಾಸಿನ ಮೊಮ್ಮಗಳು.

ಫೋನುಗಳ ಮೇಲೆ ಐ.ಟಿ.ಐ. ಮುದ್ರೆ ಇತ್ತು. ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದ ಕಾರ್ಖಾನೆ. ಕೆ.ಆರ್. ಪುರದ ಹತ್ತಿರದ ದೂರವಾಣಿನಗರಕ್ಕೆ ಆ ಹೆಸರು ಬಂದದ್ದೇ ಅದರಿಂದ.

ಬೋರ್ಡು ಬಿಚ್ಚಿದರೆ ಒಳಗೆ ವೈರುಗಳ ಕಾಡು. ಹೆದರಲಿಲ್ಲ. ಬ್ಯಾಂಕಿನಲ್ಲಿ ಕಲಿತ ಜಮಾ-ಖರ್ಚು ನೆನಪಿಗೆ ಬಂತು. ವಿದ್ಯುತ್ತಿಗೂ ಅದೇ ಲೆಕ್ಕ: ಒಂದು ವೈರಿನಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸು ಬರಲೇಬೇಕು. ಒಂದೊಂದೇ ವೈರಿಗೆ ಚೀಟಿ ಕಟ್ಟಿ, ಹಳೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ತಪ್ಪೂ ಮಾಡಿದೆ. ಕೀಗಳ ಕಿಲುಬು ತೆಗೆಯಲು ಉಪ್ಪುಕಾಗದದಲ್ಲಿ ಉಜ್ಜಿದೆ. ತೆಳ್ಳನೆಯ ಲೋಹದ ಲೇಪ ಹೋಗಿ ಒಂದು ಕೀ ಕೈಕೊಟ್ಟಿತು. ಮಿಕ್ಕವಕ್ಕೆ ಸ್ಪಿರಿಟ್‌ನಲ್ಲಿ ಅದ್ದಿದ ಕಾಗದದ ಪಟ್ಟಿ ತೂರಿಸಿ ಒರೆಸಿದೆ. ಒಂದು ಫೋನಿನಲ್ಲಿ ಮಾತೇ ಕೇಳುತ್ತಿರಲಿಲ್ಲ. ಮಾತಾಡುವ ಕಡೆಯನ್ನು ಅಂಗೈಗೆ ಎರಡು ಸಲ ತಟ್ಟಿದೆ, ಸರಿಹೋಯಿತು. ಅದರೊಳಗಿನ ಇದ್ದಿಲಿನ ಸಣ್ಣ ಹರಳುಗಳು ಗಟ್ಟಿಕಟ್ಟಿದ್ದವು, ಅಷ್ಟೇ.

ಡಯಲಿನ ಗುಟ್ಟು ಮೊಮ್ಮಗಳಿಗೆ ತುಂಬ ಹಿಡಿಸಿತು. 5 ತಿರುಗಿಸಿದರೆ ಲೈನು ಐದು ಸಲ ಕಡಿದು ಕೂಡುತ್ತದೆ, 0 ತಿರುಗಿಸಿದರೆ ಹತ್ತು ಸಲ. ಒಂದು ಎಲ್‌ಇಡಿ ದೀಪ ಸೇರಿಸಿ, ಅದು ಮಿಣುಕುವುದನ್ನು ಎಣಿಸುತ್ತ ಅವಳು ಒಂದು ಸಂಜೆ ಕಳೆದಳು.

ಬೋರ್ಡಿನ ಕೆಲಸ ಇಷ್ಟು. ಹೊರಗಿನ ಲೈನು ಮೂರು, ಕಚೇರಿಯ ಒಳಗಿನ ಫೋನು ಒಂಬತ್ತು. ಒಳಗೆ ಯಾರಾದರೂ ಫೋನೆತ್ತಿದರೆ ಬೋರ್ಡಿನ ಮೇಲೆ ಕಣ್ಣುಗುಡ್ಡೆಯಂಥ ಗುರುತೊಂದು ಬೆಳ್ಳಗಾಗುತ್ತದೆ. ಆಪರೇಟರು "ಯಾರು ಬೇಕು?" ಎಂದು ಕೇಳಿ, ಹಿಡಿ ತಿರುಗಿಸಿ ಅವರ ಗಂಟೆ ಬಾರಿಸಿ, ಒಂದೇ ಸಾಲಿನ ಎರಡು ಕೀ ಒತ್ತಿ ಇಬ್ಬರನ್ನೂ ಕೂಡಿಸಬೇಕು.

ಎರಡು ಹಳೆಯ ಬ್ಯಾಟರಿ ಜೋಡಿಸಿ 24 ವೋಲ್ಟ್ ಕೊಟ್ಟೆವು. ಮಗ ಮಹಡಿಯಲ್ಲಿ, ಸೊಸೆ ಅಡುಗೆಮನೆಯಲ್ಲಿ, ನಮ್ಮ ಮನೆಯಾಕೆ ನಡುಮನೆಯಲ್ಲಿ, ನಾನು ಜಗಲಿಯಲ್ಲಿ. ಆಪರೇಟರು ಮೊಮ್ಮಗಳು. ನಾಲ್ವರೂ ಒಟ್ಟಿಗೆ ಫೋನೆತ್ತಿದೆವು. ನಾನು ಕಾದೆ, ಕಾದೆ, ಕೊನೆಗೆ ಗದರಿದೆ: "ಎಷ್ಟು ಹೊತ್ತಮ್ಮ!"

"ತಾತ, ನಂಗಿರೋದು ಎರಡೇ ಕೈ!" ಎಂದಳು.

ಫೋನು ಕೆಳಗಿಟ್ಟೆ. 1983ರ ಒಂದು ಮಧ್ಯಾಹ್ನ ನೆನಪಾಗಿತ್ತು. ತಿಪಟೂರಿನಲ್ಲಿ ನಮ್ಮ ತಂದೆಗೆ ಕಾಯಿಲೆ ಜೋರಾಗಿತ್ತು. ದುಪ್ಪಟ್ಟು ದುಡ್ಡಿನ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದ್ದೆ. ನಾಲ್ಕು ಗಂಟೆಯಾದರೂ ಬರಲಿಲ್ಲ. ನಮ್ಮ ಆಪರೇಟರ್ ಮೇಡಂ ಬೇಕಾದವರಿಗೆ ಮಾತ್ರ ಲೈನು ಕೊಡುತ್ತಾರೆಂದು ಎಲ್ಲರ ಮುಂದೆ ಕೂಗಾಡಿದೆ. ಅವರು ತಲೆ ಎತ್ತಲಿಲ್ಲ. ಐದೂವರೆಗೆ ಕಾಲ್ ಬಂತು, ಅಪ್ಪ ಚೇತರಿಸಿಕೊಂಡಿದ್ದರು. ಖುಷಿಯಲ್ಲಿ ನಾನು ಒಂದು ಥ್ಯಾಂಕ್ಸ್ ಕೂಡ ಹೇಳದೆ ಮನೆಗೆ ಹೋದೆ.

ಮೊನ್ನೆ ಹಳೆಯ ಸ್ನೇಹಿತರೊಬ್ಬರಿಂದ ಮೇಡಂ ನಂಬರು ಪಡೆದು ಫೋನ್ ಮಾಡಿದೆ. ಆ ದಿನದ ವಿಷಯ ಎತ್ತಿ ಕ್ಷಮೆ ಕೇಳಿದೆ. ಅವರು ನಕ್ಕರು. "ಅಯ್ಯೋ, ಇನ್ನೂ ನೆನಪಿದೆಯಾ ಸಾರ್? ಅವತ್ತು ಮಳೆಗೆ ಎರಡು ಲೈನು ಸತ್ತಿದ್ದವು. ಉಳಿದದ್ದು ಒಂದು. ನಿಮ್ಮ ಟ್ರಂಕ್ ಕಾಲ್ ಬಂದರೆ ತಪ್ಪಬಾರದು ಅಂತ ಅದನ್ನ ಯಾರಿಗೂ ಕೊಡದೆ ಇಟ್ಟುಕೊಂಡಿದ್ದೆ. ಮ್ಯಾನೇಜರ್ ಸಾಹೇಬರೂ ಬೈದರು."

ನನಗೆ ಮಾತು ಹೊರಡಲಿಲ್ಲ. ನಾಲ್ಕು ದಶಕದ ಹಿಂದಿನ ಥ್ಯಾಂಕ್ಸನ್ನು ಈಗ ಹೇಳಿದೆ. ಮುಂದಿನ ಭಾನುವಾರ ಅವರು ನಮ್ಮ ಮನೆಗೆ ಬರುತ್ತಾರೆ. ಬೋರ್ಡಿನ ಮುಂದೆ ಹೇಗೆ ಕೂರಬೇಕೆಂದು ಮೊಮ್ಮಗಳಿಗೆ ಹೇಳಿಕೊಡುತ್ತಾರಂತೆ.

ಮಕ್ಕಳೇ, ಒಂದು ಎಚ್ಚರಿಕೆ. ಹಳೆಯ ಫೋನು ಸಿಕ್ಕರೆ ದೊಡ್ಡವರ ಜೊತೆಯಲ್ಲೇ ಬಿಚ್ಚಿ. ಮನೆಯ ಕರೆಂಟಿಗೆ ಎಂದೂ ಜೋಡಿಸಬೇಡಿ. ಗಂಟೆ ಬಾರಿಸುವ ಹಿಡಿ ತಿರುಗುವಾಗ ವೈರು ಮುಟ್ಟಿದರೆ ಜೋರಾಗಿ ಶಾಕ್ ಹೊಡೆಯುತ್ತದೆ. ನನ್ನ ಬೆರಳು ಅದಕ್ಕೆ ಸಾಕ್ಷಿ!