ಕಣ್ಣೇ ಕೊಡುವ ಸುಳಿವು

ಓದುಗನ ಕಣ್ಣು ಒಂದು ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ನೆಗೆಯಲು ಸೆಕೆಂಡಿನ ಹತ್ತರಲ್ಲೊಂದು ಪಾಲಿನಷ್ಟು ಕಾಲವೂ ಹಿಡಿಯದು. ಈ ನೆಗೆತವು ಗುರಿ ತಪ್ಪದಂತೆ ಅಳತೆ ನೋಡಿಕೊಳ್ಳುವುದು ತಲೆಯ ಹಿಂಭಾಗದಲ್ಲಿ, ದೊಡ್ಡ ಮೆದುಳಿನ ಅಡಿಯಲ್ಲಿರುವ ಕಿರುಮೆದುಳು.

ಈ ಅಂಗವು ಕ್ರಮೇಣ ಕ್ಷಯಿಸತೊಡಗಿದರೆ ನಡಿಗೆ ತೊಡರುವುದು, ಮಾತು ತೊದಲುವುದು. ಕುಡಿದು ತೂರಾಡುತ್ತಿರುವನೆಂದು ನೆರೆಹೊರೆಯವರು ಆಡಿಕೊಳ್ಳುವುದೂ ಉಂಟು. ಅದರೊಡನೆ ಕಣ್ಣಿನ ಚಲನೆಯೂ ಕೆಡುತ್ತದೆ. ನೋಟವು ಗುರಿಯನ್ನು ದಾಟಿಹೋಗುತ್ತದೆ, ಇಲ್ಲವೆ ಅದರ ಈಚೆಗೇ ನಿಲ್ಲುತ್ತದೆ. ಹಾರುವ ಹಕ್ಕಿಯನ್ನು ನಯವಾಗಿ ಹಿಂಬಾಲಿಸಬೇಕಾದ ಕಣ್ಣು ತಡೆತಡೆದು ಚಲಿಸುತ್ತದೆ. ಪಕ್ಕಕ್ಕೆ ಹೊರಳಿಸಿದ ದೃಷ್ಟಿ ಅಲ್ಲಿ ನಿಲ್ಲಲಾರದೆ ನಡುವಿಗೆ ಜಾರುತ್ತ, ಮತ್ತೆ ಮತ್ತೆ ಹಿಂದಕ್ಕೆ ಎಗರುತ್ತ ತುಯ್ದಾಡುತ್ತದೆ. ಕನ್ನಡಕ ಬದಲಿಸಿದರೆ ಇದು ಸರಿಹೋಗದು.

ಇಂತಹ ವ್ಯಾಧಿಗಳು ಹಲವು. ಎಲ್ಲದರಲ್ಲಿಯೂ ಕಣ್ಣಿನ ಲಕ್ಷಣ ಒಂದೇ ಅಲ್ಲ. 1971ರಲ್ಲಿ ಮುಂಬಯಿಯ ನರರೋಗತಜ್ಞ ಡಾ. ನೋಶಿರ್ ವಾಡಿಯಾ ಅವರೂ ಸಹೋದ್ಯೋಗಿ ಡಾ. ಸ್ವಾಮಿಯವರೂ ಒಂಬತ್ತು ಕುಟುಂಬಗಳ ವೃತ್ತಾಂತವನ್ನು ಪ್ರಕಟಿಸಿದರು. ಆ ಮನೆತನಗಳಲ್ಲಿ ವಂಶಾನುಗತವಾಗಿ ಬಂದ ರೋಗದಲ್ಲಿ ಕಣ್ಣು ನೆಗೆಯುವ ಬದಲು ನಿಧಾನವಾಗಿ ತೆವಳುತ್ತಿತ್ತು. ಕಿರುಮೆದುಳಿನೊಡನೆ, ನೆಗೆತಕ್ಕೆ ವೇಗವನ್ನು ಕೊಡುವ ಮೆದುಳುಕಾಂಡದ ನರಕೋಶಗಳೂ ನಶಿಸಿದಾಗ ಹೀಗಾಗುತ್ತದೆ. ಈ ಲಕ್ಷಣವು ಎದ್ದುಕಾಣುವ ‘ಎಸ್‌ಸಿಎ–2’ ಎಂಬ ರೋಗಕ್ಕೆ ಕಾರಣವಾದ ಜೀನು, 12ನೆಯ ವರ್ಣತಂತುವಿನಲ್ಲಿ, 1996ರಲ್ಲಿ ಪತ್ತೆಯಾಯಿತು.

ತಂದೆಗಾಗಲಿ ತಾಯಿಗಾಗಲಿ ಈ ರೋಗವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಲಕ್ಷಣಗಳು ತೋರುವ ಮುನ್ನವೇ ರಕ್ತಪರೀಕ್ಷೆಯಿಂದ ಅದನ್ನು ತಿಳಿಯಬಹುದು. ಆದರೆ ರೋಗವನ್ನು ತಡೆದು ನಿಲ್ಲಿಸುವ ಔಷಧ ಇನ್ನೂ ದೊರೆತಿಲ್ಲ. ಆದುದರಿಂದ ತಿಳಿಯಬೇಕೆ, ಬೇಡವೆ ಎಂಬುದನ್ನು ಪ್ರಾಯಕ್ಕೆ ಬಂದ ಮಕ್ಕಳು ತಜ್ಞರ ಸಲಹೆ ಪಡೆದು ತಾವೇ ನಿರ್ಧರಿಸಬೇಕು. ಮದುವೆಯ ಮಾತುಕತೆಗೆಂದು ಹಿರಿಯರು ಬಲವಂತಪಡಿಸುವುದು ತರವಲ್ಲ. ಕ್ರಮವಾದ ವ್ಯಾಯಾಮಚಿಕಿತ್ಸೆಯಿಂದ ನಡಿಗೆಯ ಸಮತೋಲಕ್ಕೆ ನೆರವು ದೊರೆಯುವುದು.

ಕಿರುಮೆದುಳಿನ ತೊಂದರೆಗಳೆಲ್ಲವೂ ಆನುವಂಶಿಕವಲ್ಲ. ಅತಿಯಾದ ಮದ್ಯಪಾನ, ಕೆಲವು ಔಷಧಗಳು, ವಿಟಮಿನ್ ‘ಇ’ಯ ಕೊರತೆ ಇವೂ ಅದಕ್ಕೆ ಕಾರಣವಾಗಬಲ್ಲವು. ಇಂತಹ ಕೆಲವು ಕಾರಣಗಳಿಗೆ ಪರಿಹಾರವುಂಟು. ವೈದ್ಯರು ಎರಡು ಬೆರಳುಗಳನ್ನು ಎತ್ತಿ ಹಿಡಿದು, ಒಂದರಿಂದ ಮತ್ತೊಂದಕ್ಕೆ ದೃಷ್ಟಿ ಹಾಯಿಸಲು ಹೇಳುವ ಪರೀಕ್ಷೆ ಅರ್ಧ ನಿಮಿಷದ್ದು. ನಡಿಗೆ ತಪ್ಪುತ್ತಿರುವವರನ್ನು ಗದರಿಸುವ ಬದಲು, ತಡಮಾಡದೆ ಆ ಪರೀಕ್ಷೆಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.