ಪೆನ್‌ಡ್ರೈವ್ ಕೀಳುವ ಮುನ್ನ

ಬೆಲ್ ಆದ ಕೂಡಲೇ ಲ್ಯಾಬ್‌ನಲ್ಲಿ ಪೆನ್‌ಡ್ರೈವ್ ಕಿತ್ತುಕೊಂಡು ಓಡುವುದು ನಿಲ್ಲಬೇಕು. ಸಂಜೆ ಜಯನಗರದ ಜೆರಾಕ್ಸ್ ಅಂಗಡಿಯಲ್ಲಿ ಫೈಲ್ ತೆರೆದುಕೊಳ್ಳದಿದ್ದರೆ ಪ್ರಾಜೆಕ್ಟ್ ಅಂಕ ಹೋದಂತೆಯೇ.

ಲಿನಕ್ಸ್‌ನಲ್ಲಿ ಡ್ರೈವರ್ ಒಂದು ಸಾಧನವನ್ನು ಹಿಡಿದುಕೊಳ್ಳುವಾಗ ‘ಗೆಟ್ ಡಿವೈಸ್’ ಎಂದು ಲೆಕ್ಕಕ್ಕೆ ಒಂದು ಕೂಡಿಸುತ್ತದೆ. ಕೆಲಸ ಮುಗಿದಾಗ ‘ಪುಟ್ ಡಿವೈಸ್’ ಎಂದು ಒಂದು ಕಳೆಯುತ್ತದೆ. ಲೆಕ್ಕ ಸೊನ್ನೆಯಾದ ಮೇಲಷ್ಟೇ ಸಾಧನದ ದಾಖಲೆ ಅಳಿಯಬೇಕು. ಮೊದಲೇ ಅಳಿಸಿದರೆ ಸಿಸ್ಟಂ ಕುಸಿಯಬಹುದು. ಕಳೆಯಲು ಮರೆತರೆ ಮೆಮೊರಿ ವ್ಯರ್ಥ. ನಮ್ಮ ಡೆಬಿಟ್-ಕ್ರೆಡಿಟ್‌ನಂತೆ ಎರಡೂ ಬದಿ ತಾಳೆಯಾಗಲೇಬೇಕು.

ಆದರೆ ಈ ಲೆಕ್ಕ ಕಾಯುವುದು ಕಂಪ್ಯೂಟರನ್ನು, ಬರೆದು ಮುಗಿಯದ ನಮ್ಮ ಫೈಲನ್ನಲ್ಲ. ಅದಕ್ಕೆ ನಾವೇ ‘ಇಜೆಕ್ಟ್’ ಒತ್ತಬೇಕು.

ನಮ್ಮ ಮನೆಯ ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ್ದು. ಗ್ರೂಪ್ ಪ್ರಾಜೆಕ್ಟ್‌ನ ಪೆನ್‌ಡ್ರೈವ್ ಕೂಡ ಅಮಾನತ್ತೇ. ಲ್ಯಾಬ್ ಅವಧಿಯ ಕೊನೆಯ ಎರಡು ನಿಮಿಷವನ್ನು ಇದಕ್ಕೆ ಬಿಟ್ಟುಕೊಡಿ ಎಂದು ಉಪನ್ಯಾಸಕರಲ್ಲಿ ನನ್ನ ಮನವಿ.